ಶಿಕ್ಷಕರ ನಡುವೆ ಜಗಳ ಬಂದಾಗ ಮುಖ್ಯಗುರುಗಳು ಏನು ಮಾಡಬೇಕು? ಹಂತ ಹಂತವಾಗಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮುಖ್ಯಗುರುಗಳು ಪದೇ ಪದೇ ಕೇಳುವ ಪ್ರಶ್ನೆ ಇದು. "ಸರ್, ನಮ್ಮ ಶಾಲ್ಯಾಗ ಇಬ್ಬರು ಮಾತೇ ಬಿಟ್ಟಾರ್ರಿ. ಏನ್ ಮಾಡ್ಬೇಕ್ರಿ?" ಕೇಳುವವರಲ್ಲಿ ಪ್ರಭಾರಿಗಳೇ ಜಾಸ್ತಿ. ಅಂದರೆ ಕಾಯಂ ಮುಖ್ಯಗುರು ಹುದ್ದೆ ಖಾಲಿ ಇದೆ, ಶಾಲೆಯ ಹಿರಿಯ ಶಿಕ್ಷಕರ ಕೈಗೆ ಚಾರ್ಜ್ ಬಂದಿದೆ. ನಿನ್ನೆಯವರೆಗೂ ಜೊತೆಗೆ ಕೂತು ಚಹಾ ಕುಡಿದವರಿಗೆ ಇವತ್ತು ಮೆಮೊ ಕೊಡು ಅಂದರೆ ಯಾರಿಗಾದರೂ ಕೈ ನಡುಗುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಶಿಕ್ಷಕರ ಜಗಳ ಮೇಲ್ನೋಟಕ್ಕೆ ಸ್ವಭಾವದ ಜಗಳದ ಹಾಗೆ ಕಾಣುತ್ತದೆ. "ಅವರು ಜೋರು", "ಇವರು ಮೂಗಿನ ತುದಿಯ ಕೋಪದವರು" ಅಂತ ನಾವೂ ಅಂದುಬಿಡುತ್ತೇವೆ. ಕೆದಕಿ ನೋಡಿದರೆ ಬಹಳಷ್ಟು ಸಲ ಕೆಳಗೆ ಸಿಗುವುದು ಕೆಲಸದ ಹಂಚಿಕೆ. ಯಾರಿಗೆ ಯಾವ ತರಗತಿ, ಯಾರ ತಲೆಗೆ ಆನ್‌ಲೈನ್ ಕೆಲಸ, ಯಾರ ಕೈಯಲ್ಲಿ ಮೊಟ್ಟೆಯ ಲೆಕ್ಕ. ಸ್ವಭಾವ ತಿದ್ದೋದು ನಿಮ್ಮ ಕೈಲಿಲ್ಲ. ಹಂಚಿಕೆ ತಿದ್ದೋದು ನಿಮ್ಮ ಕೈಲೇ ಇದೆ.

ಮೊದಲು ಇವು ಕೈಗೆ ಸಿಗುವಂತಿರಲಿ

ಹಾಜರಿ ಪುಸ್ತಕ. ಚಲನವಲನ ವಹಿ, ಅಂದರೆ ಶಾಲೆಯ ಸಮಯದಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತಿಗೆ ಹೊರಗೆ ಹೋದರು, ಯಾವಾಗ ಬಂದರು ಅಂತ ಬರೆಯುವ ಪುಸ್ತಕ. ಈ ವರ್ಷದ ವೇಳಾಪಟ್ಟಿ ಮತ್ತು ಕೆಲಸದ ಹಂಚಿಕೆ ಪಟ್ಟಿ. ಸಿಬ್ಬಂದಿ ಸಭೆಯ ನಡಾವಳಿ ಪುಸ್ತಕ. ಇವುಗಳ ಜೊತೆಗೆ ನಿಮ್ಮದೇ ಒಂದು ನೋಟ್‌ಬುಕ್: ದಿನಾಂಕ, ಸಮಯ, ಯಾರು ಏನು ಹೇಳಿದರು, ಅವರದೇ ಮಾತಿನಲ್ಲಿ. "ದುರಹಂಕಾರದಿಂದ ಮಾತಾಡಿದರು" ಅಂತ ಬರೆಯಬೇಡಿ, ಆಡಿದ ಮಾತು ಬರೆಯಿರಿ. ಮುಂದೆ ವಿಚಾರಣೆ ಅಂತ ಬಂದರೆ ನಿಮ್ಮ ಅಭಿಪ್ರಾಯಕ್ಕೆ ಬೆಲೆ ಇರುವುದಿಲ್ಲ, ಆಡಿದ ಮಾತಿಗೆ ಇರುತ್ತದೆ.

ಹಂಚಿಕೆ ಪಟ್ಟಿಯೇ ಇಲ್ಲ, ಎಲ್ಲಾ ಬಾಯಿಮಾತಿನಲ್ಲೇ ನಡೆಯುತ್ತಿದೆ ಅಂದರೆ ಜಗಳಕ್ಕೆ ಕಾರಣ ನಿಮಗೆ ಅರ್ಧ ಸಿಕ್ಕಿತು ಅಂತಲೇ ತಿಳಿಯಿರಿ.

ಹಂತ 1: ಇದು ನೀವು ಬಗೆಹರಿಸುವ ಜಗಳವಾ ನೋಡಿ

ಎಲ್ಲ ಜಗಳಕ್ಕೂ ನೀವು ನ್ಯಾಯ ಹೇಳೋ ಹಾಗಿಲ್ಲ. ಕೆಲವನ್ನು ಮುಟ್ಟಲೇಬಾರದು.

ಲೈಂಗಿಕ ಕಿರುಕುಳದ ದೂರು ಬಂದರೆ "ಇಬ್ಬರನ್ನೂ ಕೂಡಿಸಿ ಮಾತಾಡೋಣ" ಅನ್ನೋ ಮಾತೇ ಬೇಡ. 2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಸಣ್ಣ ಶಾಲೆ, ಅಷ್ಟು ಸಿಬ್ಬಂದಿ ಇಲ್ಲ, ಸಮಿತಿಯೂ ಇಲ್ಲ ಅಂದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಹೋಗುತ್ತದೆ. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ಹೆಸರು ಹೊರಗೆ ಬಿಡುವಂತಿಲ್ಲ. ಸ್ಟಾಫ್ ರೂಮಿನಲ್ಲಿ ಪಿಸುಮಾತಲ್ಲೂ ಬೇಡ.

ಜಾತಿ ಹಿಡಿದು ಬೈದಿದ್ದಾರೆ ಅನ್ನೋ ದೂರು 1989ರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಕ್ಷಮೆ ಕೇಳಿಸಿ, ಹಾರ ಹಾಕಿಸಿ ಮುಗಿಸುವ ಅಧಿಕಾರ ನಿಮಗಿಲ್ಲ. ದೂರು ಬರೆದುಕೊಟ್ಟರೆ ತೆಗೆದುಕೊಳ್ಳಿ, ಅದೇ ದಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ (ಬಿಇಒ) ಕಳಿಸಿ. ಪೊಲೀಸರ ಹತ್ತಿರ ಹೋಗ್ತೀನಿ ಅಂದವರನ್ನು ತಡೆಯಬೇಡಿ.

ಒಬ್ಬರ ಮೇಲೊಬ್ಬರು ಹೇಳುವಾಗ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಬಾಯಿಬಿಟ್ಟರೆ ಅದು ಆ ಕ್ಷಣದಿಂದ ಶಿಕ್ಷಕರ ಜಗಳವಾಗಿ ಉಳಿಯುವುದಿಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ.

ಹಣದ ದುರುಪಯೋಗ, ಹೊಡೆದಾಟ ಇವೂ ಮೇಲಿನವರಿಗೆ ಬರೆದು ತಿಳಿಸುವ ವಿಷಯಗಳೇ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು: ಊರ ಹಿರಿಯರನ್ನು ಕರೆಸಿ ಕಟ್ಟೆ ಮೇಲೆ ಪಂಚಾಯಿತಿ ಮಾಡಿಸೋದು. ಶಾಲೆ ಮರ್ಯಾದೆ ಉಳಿಯಲಿ ಅಂತಲೇ ಮಾಡುತ್ತಾರೆ. ಕೊನೆಗೆ ಮುಚ್ಚಿ ಹಾಕಿದವರ ಪಟ್ಟಿಯಲ್ಲಿ ಮುಖ್ಯಗುರುವಿನ ಹೆಸರೇ ಮೊದಲು ಬರುತ್ತದೆ.

ಇನ್ನೊಂದು ಬಗೆಯ ಜಗಳ ಇದೆ. ಬಡ್ತಿ, ವರ್ಗಾವಣೆ, ಜ್ಯೇಷ್ಠತೆ, 371(ಜೆ), ಅಂದರೆ ನಮ್ಮ ಭಾಗಕ್ಕೆ ನೇಮಕಾತಿಯಲ್ಲಿ ಮೀಸಲು ಕೊಡುವ ಸಂವಿಧಾನದ ವಿಧಿಯ ಅಡಿಯ ಸ್ಥಳೀಯ ವೃಂದ. ಅಲ್ಲಿ ತಪ್ಪು ಯಾರದ್ದೂ ಅಲ್ಲ, ತೀರ್ಮಾನವೂ ನಿಮ್ಮ ಶಾಲೆಯಲ್ಲಿ ಆಗೋದಲ್ಲ. "ಇದನ್ನು ಇಲಾಖೆಗೆ, ಸಂಘಕ್ಕೆ ಬರೀರಿ, ಸ್ಟಾಫ್ ರೂಮಿನಾಗ ಬ್ಯಾಡ" ಅಂತ ಒಂದೇ ಮಾತಿನಲ್ಲಿ ಮುಗಿಸಿ.

ಹಂತ 2: ಆ ದಿನ ತೀರ್ಪು ಬೇಡ, ತರಗತಿ ನಡೆಯಲಿ

ಪ್ರೇಯರ್ ಮುಗಿಯುತ್ತಿದ್ದಂತೆ ವರಾಂಡದಲ್ಲಿ ದನಿ ಏರಿತು ಅಂತಿಟ್ಟುಕೊಳ್ಳಿ. ಮಕ್ಕಳು ಸಾಲಿನಲ್ಲಿ ನಿಂತು ನೋಡುತ್ತಿದ್ದಾರೆ, ಅಡುಗೆಯವರು ಬಾಗಿಲಿಗೆ ಬಂದಿದ್ದಾರೆ. ಯಾರದು ಸರಿ ಅಂತ ಆಗ ಕೇಳಲು ಹೋಗಬೇಡಿ. ಜಾಸ್ತಿ ದನಿ ಏರಿಸಿದವರ ಹತ್ತಿರ ಹೋಗಿ, ನಿಮ್ಮ ದನಿ ತಗ್ಗಿಸಿ, ಹೀಗೆ ಹೇಳಿ ಸಾಕು: "ಮೇಡಂ, ನಿಮ್ಮ ಮಾತು ಪೂರ್ತಿ ಕೇಳ್ತೀನ್ರಿ. ಈಗ ಮಕ್ಕಳು ನೋಡ್ಲಿಕ್ಕತ್ತಾರ. ಮೂರೂವರೆಗೆ ಆಫೀಸಿಗೆ ಬರ್ರಿ." ಇನ್ನೊಬ್ಬರಿಗೂ ಅದೇ ಮಾತು, ಬೇರೆ ಸಮಯ.

ಸಮಯ ಹೇಳೋದು ಮುಖ್ಯ. "ಆಮೇಲೆ ನೋಡೋಣ" ಅಂದರೆ ನೀವು ಜಾರಿಕೊಂಡಿರಿ ಅಂತಲೇ ಅರ್ಥ, ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಗುಂಪು ತಯಾರಾಗಿರುತ್ತವೆ.

ಹಂತ 3: ಒಬ್ಬೊಬ್ಬರನ್ನೇ ಕೇಳಿ

ಇಬ್ಬರಿಗೂ ಸರಿಸಮ ಸಮಯ ಕೊಡಿ. ಒಬ್ಬರಿಗೆ ಅರ್ಧ ಗಂಟೆ, ಇನ್ನೊಬ್ಬರಿಗೆ ನಿಂತಲ್ಲೇ ಐದು ನಿಮಿಷ ಅಂದರೆ ಅದೂ ಒಂದು ತೀರ್ಪೇ. ಮೂರೇ ಪ್ರಶ್ನೆ ಸಾಕು. ಏನಾಯಿತು? ಇದು ಯಾವಾಗಿನಿಂದ ನಡೆದಿದೆ? ನಾಳೆಯಿಂದ ಏನು ಬದಲಾದರೆ ನಿಮಗೆ ಸರಿ ಅನಿಸುತ್ತದೆ? ಮೂರನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ನಿಜವಾದ ವಿಷಯ ಇರುತ್ತದೆ. "ಅವರು ನನಗೆ ಮರ್ಯಾದೆ ಕೊಡಲ್ಲ" ಅಂತ ಶುರುವಾದ ಮಾತು ಅಲ್ಲಿಗೆ ಬರುವಷ್ಟರಲ್ಲಿ "ಶನಿವಾರ ಬೆಳಗಿನ ಪ್ರೇಯರ್ ನನಗೇ ಯಾಕ್ರಿ ಯಾವಾಗ್ಲೂ?" ಅನ್ನೋ ಕಡೆಗೆ ಇಳಿದಿರುತ್ತದೆ.

ಎಲ್ಲಿ ಕೂತು ಕೇಳುತ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಬಹಳ ಶಿಕ್ಷಕರು ಊರಿಂದ ಊರಿಗೆ ಓಡಾಡುವವರು. ಕಲಬುರಗಿಯಿಂದ ಜೇವರ್ಗಿ, ಆಳಂದ, ಚಿತ್ತಾಪುರ ಕಡೆಗೆ, ಬೀದರಿನಿಂದ ಭಾಲ್ಕಿ, ಔರಾದ ಕಡೆಗೆ, ಯಾದಗಿರಿಯಿಂದ ಶಹಾಪುರ, ಗುರುಮಠಕಲ್ ಕಡೆಗೆ. ನಾಲ್ಕು ಜನ ಸೇರಿ ಒಂದು ಕಾರು ಮಾಡಿಕೊಂಡಿರುತ್ತಾರೆ, ಅದರಲ್ಲಿ ಮುಖ್ಯಗುರುಗಳೂ ಒಬ್ಬರು. ಊರಲ್ಲೇ ಮನೆ ಮಾಡಿಕೊಂಡಿರುವವರಿಗೆ, ಬಸ್ಸಿಗೆ ಬರುವವರಿಗೆ ಆ ಕಾರು ಒಂದು ಪಕ್ಷದ ಹಾಗೆ ಕಾಣುತ್ತದೆ, ಒಳಗೆ ನೀವು ಹವಾಮಾನದ ಬಗ್ಗೆ ಮಾತಾಡಿದ್ದರೂ ಅಷ್ಟೇ. ಕಾರು ಬಿಡಿ ಅಂತ ಹೇಳುತ್ತಿಲ್ಲ. ಕಾರಿನಲ್ಲಿ ಶಾಲೆಯ ಜಗಳದ ಮಾತು ಬೇಡ, ಅಷ್ಟೇ. ಜೊತೆಗೆ ಬರುವವರಿಗೂ ಅದನ್ನು ಬಾಯಿಬಿಟ್ಟು ಹೇಳಿ.

ಕೇಳಬೇಕಾದ್ದು ಶಾಲೆಯ ಆಫೀಸಿನಲ್ಲಿ, ಬಾಗಿಲು ತೆರೆದಿರಲಿ. ಶಿಕ್ಷಕಿಯರು ಜೊತೆಗೆ ಒಬ್ಬ ಸಹೋದ್ಯೋಗಿ ಇರಲಿ ಅಂದರೆ ಇರಲಿ.

ಹಂತ 4: ಜಗಳದ ಕೆಳಗಿರುವ ಹಂಚಿಕೆ ಹುಡುಕಿ

ಮುಖ್ಯ ಕೆಲಸ ಇದೇ. ನಮ್ಮ ಶಾಲೆಗಳಲ್ಲಿ ಪದೇ ಪದೇ ಸಿಗುವ ಗಂಟುಗಳನ್ನು ಹೇಳುತ್ತೇನೆ, ನಿಮ್ಮದು ಇವುಗಳಲ್ಲಿ ಒಂದಿರಬಹುದು.

*ಆನ್‌ಲೈನ್ ಕೆಲಸ.* ಸ್ಯಾಟ್ಸ್ ಅಂದರೆ ಪ್ರತಿ ಮಗುವಿನ ದಾಖಲಾತಿ, ಹಾಜರಿ, ಅಂಕ ಏರಿಸುವ ಇಲಾಖೆಯ ತಂತ್ರಾಂಶ. ಯುಡೈಸ್ ಅಂದರೆ ವರ್ಷಕ್ಕೊಮ್ಮೆ ಶಾಲೆಯ ಕೊಠಡಿ, ಶೌಚಾಲಯ, ಶಿಕ್ಷಕರು, ಮಕ್ಕಳ ಲೆಕ್ಕ ತುಂಬುವುದು. ಶಾಲೆಯಲ್ಲಿ ಕಂಪ್ಯೂಟರ್ ಬರುವ ಒಬ್ಬ ಕಿರಿಯ ಶಿಕ್ಷಕ ಇದ್ದರೆ ಇದೆಲ್ಲ ಅವರ ತಲೆಗೇ ಬೀಳುತ್ತದೆ. "ನೀವು ಹುಷಾರಿದ್ದೀರಿ" ಅಂತ ಹೊಗಳಿ ಕೆಲಸ ಕೊಡುತ್ತಾರೆ. ಅವರ ತರಗತಿ ಖಾಲಿ ಬಿದ್ದಾಗ ಪಕ್ಕದ ತರಗತಿಯ ಹಿರಿಯರು ಎರಡೂ ತರಗತಿ ನೋಡಿಕೊಳ್ಳಬೇಕು. ಕಿರಿಯರಿಗೆ ಹಿರಿಯರು ಆರಾಮಾಗಿದ್ದಾರೆ ಅನಿಸುತ್ತದೆ, ಹಿರಿಯರಿಗೆ ಇವರು ಫೋನ್ ಹಿಡಿದು ಕೂತಿದ್ದಾರೆ ಅನಿಸುತ್ತದೆ. ಇಬ್ಬರ ಮಾತೂ ನಿಜ ಅಲ್ವಾ?

*ಬಿಸಿಯೂಟ ಮತ್ತು ಮೊಟ್ಟೆ.* ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಭಾಗದ ಜಿಲ್ಲೆಗಳಲ್ಲಿ. ಮೊಟ್ಟೆಯೂ 2021ರ ಡಿಸೆಂಬರಿನಲ್ಲಿ ಇಲ್ಲಿಂದಲೇ ಆರಂಭವಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮಕ್ಕಳಿಗೆ ಒಳ್ಳೆಯದೇ, ಎರಡು ಮಾತಿಲ್ಲ. ಆದರೆ ತರೋದು, ಬೇಯಿಸೋದು, ಸುಲಿಯೋದು, ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಅಂತ ಬರೆದಿಡೋದು, ಇದು ದಿನವೂ ಇದೆ. ಪೇಟೆಯಲ್ಲಿ ದರ ಏರಿದಾಗ ಜೇಬಿನಿಂದ ಹಾಕಿದವರು ಒಬ್ಬರು, "ಲೆಕ್ಕ ಎಲ್ಲಿದೆ?" ಅಂತ ಕೇಳುವವರು ಇನ್ನೊಬ್ಬರು. ಈ ಒಂದು ಪ್ರಶ್ನೆಯಿಂದ ಹುಟ್ಟಿದ ಜಗಳ ಬೇಗ ಆರುವುದಿಲ್ಲ, ಯಾಕೆಂದರೆ ಅದು ಕೇಳಿದವರಿಗೆ ಲೆಕ್ಕ, ಕೇಳಿಸಿಕೊಂಡವರಿಗೆ ಕಳ್ಳತನದ ಆರೋಪ.

*ಪಿಎಸ್‌ಟಿ ಮತ್ತು ಜಿಪಿಟಿ.* ಪಿಎಸ್‌ಟಿ ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರು, ಜಿಪಿಟಿ ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕರು. 1ರಿಂದ 7ರವರೆಗೆ ಅಂತ ನೇಮಕವಾಗಿದ್ದ ಹಳೆಯ ಶಿಕ್ಷಕರು 2017ರ ವೃಂದ ಮತ್ತು ನೇಮಕಾತಿ ನಿಯಮದ ನಂತರ 1ರಿಂದ 5ರ ಲೆಕ್ಕಕ್ಕೆ ಬಂದರು. 6ರಿಂದ 8ಕ್ಕೆ ಜಿಪಿಟಿ. ಪದವಿ ಪಡೆದು ಎಷ್ಟೋ ವರ್ಷ 7ನೇ ತರಗತಿಗೆ ಪಾಠ ಮಾಡಿದವರಿಗೆ ಇದು ಹಿಂಬಡ್ತಿ ಅನಿಸಿದೆ, 2024ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ದೊಡ್ಡ ಪ್ರತಿಭಟನೆಯೇ ಆಯಿತು. ಆ ನೋವು ನಿಮ್ಮ ಶಾಲೆಯಲ್ಲಿ "6ನೇ ತರಗತಿ ವಿಜ್ಞಾನ ನಾನ್ಯಾಕೆ ತಗೊಳ್ಳಲಿ? ಅದು ಜಿಪಿಟಿ ಕೆಲಸ" ಅನ್ನೋ ಮಾತಾಗಿ ಹೊರಗೆ ಬರುತ್ತದೆ. ನಿಯಮ ಬದಲಿಸೋಕೆ ನಿಮ್ಮಿಂದಾಗದು. ಆದರೆ ಆ ಹಿರಿಯರಿಗೆ ನಲಿಕಲಿಯ (ಚಿಕ್ಕ ತರಗತಿಗಳ ಚಟುವಟಿಕೆ ಕಲಿಕೆ) ಉಸ್ತುವಾರಿನೋ ಪ್ರತಿಭಾ ಕಾರಂಜಿಯ (ಮಕ್ಕಳ ಸಾಂಸ್ಕೃತಿಕ ಸ್ಪರ್ಧೆ) ಮುಂದಾಳುತನವೋ ಕೊಟ್ಟು, ಅವರ ಅನುಭವ ಶಾಲೆಗೆ ಬೇಕು ಅಂತ ಕೆಲಸದಲ್ಲಿ ತೋರಿಸಬಹುದು.

*ಎಸ್‌ಎಸ್‌ಎಲ್‌ಸಿ ಫಲಿತಾಂಶ.* ಪ್ರೌಢಶಾಲೆಯವರಿಗೆ ಇದು ದೊಡ್ಡ ತಲೆನೋವು. 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆಯ ಜಾಗ. ಮೇಲಿಂದ ಒತ್ತಡ ಬಂದಾಗ ಗಣಿತದವರು "ಕೆಳಗಿನ ತರಗತಿಯಲ್ಲಿ ಕೂಡೋದೇ ಕಲಿಸಿಲ್ಲ" ಅನ್ನುತ್ತಾರೆ, ಇಂಗ್ಲಿಷಿನವರು "ವಿಶೇಷ ತರಗತಿ ಎಲ್ಲಾ ಗಣಿತಕ್ಕೇ ಹೋಯ್ತು" ಅನ್ನುತ್ತಾರೆ. ಸಭೆಯಲ್ಲಿ ವಿಷಯವಾರು ಶೇಕಡಾವಾರು ಓದಿ ಒಬ್ಬೊಬ್ಬರನ್ನೇ ನಿಲ್ಲಿಸಬೇಡಿ. ಮಗುವಿನ ಹೆಸರು ಹಿಡಿದು ಮಾತಾಡಿ: ತೊಗರಿ ರಾಶಿಗೆ ಹೋಗಿ ತಿಂಗಳು ಶಾಲೆ ತಪ್ಪಿಸಿದ ಹುಡುಗನಿಗೆ ಯಾವ ವಿಷಯದಲ್ಲಿ ಏನು ಬಿಟ್ಟುಹೋಗಿದೆ, ಯಾರು ಯಾವತ್ತು ಕೂಡಿಸಿಕೊಳ್ಳುತ್ತಾರೆ. ಮಾತು ಮಗುವಿನ ಮೇಲಿದ್ದರೆ ಬೆರಳು ತೋರಿಸೋದು ಕಡಿಮೆಯಾಗುತ್ತದೆ.

*ತಡವಾಗಿ ಬರೋದು.* ಬಸ್ಸಿನ ನೆಪ ಎಲ್ಲರಿಗೂ ಗೊತ್ತು. ಬೆಳಗಿನ ಶಾಲೆ ಇರುವ ಶನಿವಾರ ಮತ್ತು ಬೇಸಿಗೆಯಲ್ಲಿ ಜಾಸ್ತಿ. ಒಂದೇ ನಿಯಮ, ಎಲ್ಲರಿಗೂ, ನಿಮಗೂ. ಸಮಯಪಾಲನೆ ಶಿಕ್ಷಕರ ಕರ್ತವ್ಯ ಅಂತ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಿನಲ್ಲೇ ಇದೆ.

ಅತಿಥಿ ಶಿಕ್ಷಕರನ್ನು ಎಲ್ಲರ ಕೈಯಾಳು ಮಾಡಿಕೊಳ್ಳೋದು, ಒಂದೇ ಆವರಣದಲ್ಲಿ ಕನ್ನಡ ಮತ್ತು ಉರ್ದು ಶಾಲೆ (ಬೀದರ್ ಗಡಿಯಲ್ಲಿ ಮರಾಠಿಯೂ) ಇದ್ದಾಗ ನೀರಿನ ಟ್ಯಾಂಕು, ಮೈದಾನ, ಕೋಣೆಗಾಗಿ ಬರುವ ಕಿರಿಕಿರಿ, ಸಮೀಕ್ಷೆಗೆ ರಜೆಯಲ್ಲಿ ಹೋದವರು ಮತ್ತು ಹೋಗದವರ ನಡುವಿನ ಮುನಿಸು, ಇವೂ ಇವೆ. ಎರಡು ಶಾಲೆಯ ಜಗಳವಾದರೆ ಒಬ್ಬರೇ ಕೈ ಹಾಕಬೇಡಿ. ಸಿಆರ್‌ಪಿ, ಅಂದರೆ ನಿಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯನ್ನು ನಡುವೆ ಕೂರಿಸಿ.

ಹಂತ 5: ಕೆಲಸಗಳನ್ನು ಬೋರ್ಡಿನ ಮೇಲೆ ಬರೆಯಿರಿ

ಒಂದು ಸಿಬ್ಬಂದಿ ಸಭೆ ಕರೆಯಿರಿ. ಜಗಳದ ಹೆಸರೆತ್ತಬೇಡಿ, "ಈ ಅವಧಿಯ ಕೆಲಸ ಹಂಚಿಕೆ" ಅಂತಷ್ಟೇ ಕರೆಯಿರಿ. ಸೀಮೆಸುಣ್ಣ ಹಿಡಿದು ಶಾಲೆಯಲ್ಲಿ ಪಾಠ ಬಿಟ್ಟು ನಡೆಯುವ ಎಲ್ಲ ಕೆಲಸವನ್ನೂ ಬೋರ್ಡಿನ ಮೇಲೆ ಬರೆಯಿರಿ. ಸ್ಯಾಟ್ಸ್, ಯುಡೈಸ್, ಮೊಟ್ಟೆ, ಹಾಲು, ಅಕ್ಕಿ ಬೇಳೆ ದಾಸ್ತಾನು, ವಿದ್ಯಾರ್ಥಿವೇತನ, ಪಠ್ಯಪುಸ್ತಕ, ಸಮವಸ್ತ್ರ, ಕ್ರೀಡೆ, ಗ್ರಂಥಾಲಯ, ಪ್ರೇಯರ್, ಬ್ಯಾಂಕು, ಬಿಇಒ ಕಚೇರಿಗೆ ಓಡಾಟ. ಪ್ರತಿಯೊಂದರ ಮುಂದೆ ವಾರಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ ಅಂತ ಈಗ ಅದನ್ನು ಮಾಡುತ್ತಿರುವವರೇ ಹೇಳಲಿ. ಅದರ ಪಕ್ಕದಲ್ಲಿ ಈಗ ಮಾಡುತ್ತಿರುವವರ ಹೆಸರು.

ಒಂದೇ ಹೆಸರು ಐದಾರು ಸಾಲಿನಲ್ಲಿ ಬಂದದ್ದನ್ನು ಎಲ್ಲರೂ ಕಣ್ಣಾರೆ ನೋಡಿದಾಗ ನೀವು ಭಾಷಣ ಮಾಡೋ ಅಗತ್ಯವೇ ಬೀಳುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಶಿಕ್ಷಕರ ಕೆಲಸ, ಪಾಠದ ತಯಾರಿಯೂ ಸೇರಿ, ವಾರಕ್ಕೆ ಕನಿಷ್ಠ 45 ಗಂಟೆ. ಯಾರ ಲೆಕ್ಕ ಅದಕ್ಕಿಂತ ಎಷ್ಟು ಮೇಲಕ್ಕೆ ಹೋಗಿದೆ, ಯಾರದು ಕೆಳಗಿದೆ, ಕೂಡಿಸಿ ನೋಡಿ. ನಿಮ್ಮ ಹೆಸರಿನ ಮುಂದೆಯೂ ಒಂದೆರಡು ಕೆಲಸ ಇರಲಿ.

ಆಮೇಲೆ ಹೊಸ ಹಂಚಿಕೆ. ಕಂಪ್ಯೂಟರ್ ಬರುವವರ ಹತ್ತಿರ ಒಬ್ಬರು ಕಲಿಯಲಿ, ಅಲ್ಲಿಯವರೆಗೆ ಅವರ ಬೇರೆ ಕೆಲಸ ಇಳಿಸಿ. ಮೊಟ್ಟೆಯ ಲೆಕ್ಕಕ್ಕೆ ಯಾವಾಗಲೂ ಇಬ್ಬರ ಸಹಿ, ಪ್ರತಿ ಶನಿವಾರ ನಿಮ್ಮ ಸಹಿ. ಅಕ್ಟೋಬರ್ ರಜೆಯ ನಂತರ ಕೆಲಸ ಬದಲಾವಣೆ ಅಂತ ಈಗಲೇ ಬರೆದಿಡಿ. ನಡಾವಳಿ ಪುಸ್ತಕದಲ್ಲಿ ಎಲ್ಲರ ಸಹಿ ತೆಗೆದುಕೊಳ್ಳಿ, ಒಂದು ಪ್ರತಿ ಸ್ಟಾಫ್ ರೂಮಿನ ಗೋಡೆಗೆ.

ಇಲ್ಲಿ ತಪ್ಪುವುದು ಎಲ್ಲಿ ಅಂದರೆ, ಗಲಾಟೆ ಮಾಡಿದವರ ಕೆಲಸ ಇಳಿಸಿ ಸುಮ್ನೆ ಇದ್ದವರ ಮೇಲೆ ಹಾಕೋದು. ಸುಮ್ನೆ ಇದ್ದವರೂ ನೋಡುತ್ತಿರುತ್ತಾರೆ. ಮುಂದಿನ ವರ್ಷ ಅವರೂ ಗಲಾಟೆ ಮಾಡುತ್ತಾರೆ, ಅವರದು ತಪ್ಪು ಅಂತ ಹೇಳೋಕೂ ಆಗದು.

ಹಂತ 6: ಈಗ ಇಬ್ಬರನ್ನೂ ಕೂಡಿಸಿ

ಇಷ್ಟಾದ ಮೇಲೆ, ಮುಂಚೆ ಅಲ್ಲ. ಅರ್ಧ ಗಂಟೆ ಸಾಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಹಳೆಯ ಸಂಗತಿ ತೆಗೆಯುವಂತಿಲ್ಲ, ಮನೆಯವರ ಹೆಸರು ಬರುವಂತಿಲ್ಲ. ಇಬ್ಬರೂ ಒಪ್ಪಿದ್ದನ್ನು ಮೂರ್ನಾಲ್ಕು ಸಾಲಿನಲ್ಲಿ ಬರೆಯಿರಿ. ಹೀಗೆ:

"ಸ್ಯಾಟ್ಸ್ ಕೆಲಸ ಮಂಗಳವಾರ ಮತ್ತು ಗುರುವಾರ ಕೊನೆಯ ಅವಧಿಯಲ್ಲಿ ಮಾತ್ರ. ಆ ಹೊತ್ತಿನಲ್ಲಿ 4ನೇ ತರಗತಿಯನ್ನು ಮುಖ್ಯಗುರುಗಳು ನೋಡಿಕೊಳ್ಳುತ್ತಾರೆ. ಮಕ್ಕಳ ಮುಂದೆ ಪರಸ್ಪರ ಟೀಕೆ ಇಲ್ಲ. ಎರಡು ವಾರದ ನಂತರ ಮತ್ತೆ ಕೂಡುತ್ತೇವೆ."

ಕೈ ಕುಲುಕಿಸೋದು, "ಅಣ್ಣ ತಂಗಿ ಇದ್ದಂಗ ಇರ್ರಿ" ಅನ್ನೋದು ಬೇಡ. ಅವರು ಸ್ನೇಹಿತರಾಗಬೇಕಿಲ್ಲ. ಕೆಲಸ ನಡೆಯಬೇಕು. ಎರಡು ವಾರದ ತಾರೀಖನ್ನು ಮಾತ್ರ ತಪ್ಪಿಸಬೇಡಿ, ಎಷ್ಟೋ ಒಪ್ಪಂದ ಮುರಿಯುವುದು ಅಲ್ಲೇ.

ಹಂತ 7: ವಾಟ್ಸಾಪ್ ಗುಂಪು ಮತ್ತು ಹೊರಗಿನವರು

ಶಾಲೆಯ ಗುಂಪಿನಲ್ಲಿ ಸುತ್ತೋಲೆ, ರಜೆ, ಸಭೆಯ ಸೂಚನೆ ಬಿಟ್ಟು ಬೇರೇನೂ ಬೇಡ. ಯಾರಾದರೂ ಕೊಂಕು ನುಡಿದರೆ ಅಲ್ಲೇ ಉತ್ತರ ಕೊಡಬೇಡಿ, ಫೋನ್ ಮಾಡಿ. ಆ ಸಂದೇಶದ ಚಿತ್ರ ಸಂಜೆಯೊಳಗೆ ತಾಲ್ಲೂಕಿನ ಎಲ್ಲ ಗುಂಪಿಗೂ ಹೋಗಿರುತ್ತದೆ.

ಎಸ್‌ಡಿಎಂಸಿ, ಅಂದರೆ ಪಾಲಕರೇ ಹೆಚ್ಚಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅವರು ಶಾಲೆ ನಡೆಯುವುದನ್ನು ನೋಡಬೇಕಾದವರು, ಶಿಕ್ಷಕರ ಜಗಳಕ್ಕೆ ಪಂಚರಲ್ಲ. ಅಧ್ಯಕ್ಷರು ಬಂದು ಕೇಳಿದರೆ "ಪಾಠ ನಿಂತಿಲ್ಲ, ಮಾತಾಡ್ತಿದೀವಿ" ಅಂತ ಹೇಳಿ. ಹೆಸರು ಹೇಳಬೇಡಿ. ಶಿಕ್ಷಕರೇ ಸಮಿತಿ ಸದಸ್ಯರ ಮನೆಗೆ ಹೋಗಿ ದೂರುತ್ತಿದ್ದಾರೆ ಅಂದರೆ ಅದನ್ನು ನೇರವಾಗಿ ಅವರಿಗೇ ಕೇಳಿ, ಬಾಯಿಂದ ಬಾಯಿಗೆ ಕಳಿಸಬೇಡಿ.

ಹಂತ 8: ಮಾತಿಗೆ ಬಗ್ಗದಿದ್ದರೆ ಕಾಗದ

ಮೊದಲು ತಿಳುವಳಿಕೆ ಪತ್ರ: ಏನಾಯಿತು, ಯಾವ ದಿನ, ಮುಂದೆ ಹೇಗಿರಬೇಕು. ಅದಕ್ಕೂ ಬದಲಾಗದಿದ್ದರೆ ಮೆಮೊ, ಅಂದರೆ ಲಿಖಿತ ವಿವರಣೆ ಕೇಳುವುದು. ಉತ್ತರಕ್ಕೆ ದಿನಾಂಕ ಕೊಡಿ. ಸಹಿ ಹಾಕಲ್ಲ ಅಂದರೆ "ಓದಿ ಹೇಳಲಾಯಿತು, ಸ್ವೀಕರಿಸಲು ನಿರಾಕರಿಸಿದರು" ಅಂತ ಬರೆದು ಅಲ್ಲಿದ್ದ ಇಬ್ಬರ ಸಹಿ ತೆಗೆದುಕೊಳ್ಳಿ.

ಅಮಾನತು ಮಾಡುವುದು, ವೇತನ ಬಡ್ತಿ ತಡೆಯುವುದು ಪ್ರಾಥಮಿಕ ಶಾಲೆಯ ಮುಖ್ಯಗುರುವಿನ ಅಧಿಕಾರದಲ್ಲಿಲ್ಲ. ಹಾಗೆ ಮಾಡಿಸ್ತೀನಿ ಅಂತ ಹೆದರಿಸಲೂಬೇಡಿ, ಆ ಮಾತೇ ನಿಮ್ಮ ಮೇಲಿನ ಅರ್ಜಿಗೆ ಮೊದಲ ಸಾಲಾಗುತ್ತದೆ. ಸರಕಾರಿ ನೌಕರರಿಗೆ 2021ರ ನಡತೆ ನಿಯಮಗಳಿವೆ, ಶಿಸ್ತು ಕ್ರಮಕ್ಕೆ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಿವೆ. ಅದರ ಪ್ರಕಾರ ಮುಂದುವರಿಯೋದು ಮೇಲಿನವರ ಕೆಲಸ. ನಿಮ್ಮ ಕೆಲಸ ವರದಿ.

ವರದಿ ಒಂದೇ ಪುಟ ಇರಲಿ. ತಾರೀಖಿನ ಪ್ರಕಾರ ಏನೇನಾಯಿತು, ನೀವು ಏನೇನು ಮಾಡಿದಿರಿ, ಯಾವ ತರಗತಿಯ ಪಾಠ ಎಷ್ಟು ದಿನ ಕೆಟ್ಟಿತು. ಜೊತೆಗೆ ಹಂಚಿಕೆ ಪಟ್ಟಿ, ನಡಾವಳಿಯ ಪ್ರತಿ, ತಿಳುವಳಿಕೆ ಪತ್ರ, ಮೆಮೊ, ಬಂದ ಉತ್ತರ. ಇಬ್ಬರ ಹೇಳಿಕೆಯೂ ಇರಬೇಕು, ನಿಮಗೆ ಬೇಕಾದವರದ್ದು ಮಾತ್ರ ಅಲ್ಲ. "ವರ್ಗಾವಣೆ ಮಾಡಿ" ಅಂತ ಕೇಳಬೇಡಿ, "ಸೂಕ್ತ ಕ್ರಮಕ್ಕಾಗಿ" ಅಂತ ಬರೆಯಿರಿ. ಕೈಯಲ್ಲಿ ಕೊಟ್ಟು ಬರಬೇಡಿ, ಬಿಇಒ ಕಚೇರಿಯ ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಶಾಲೆಯ ಕಡತದಲ್ಲಿಡಿ. ನಾಳೆ ಚಾರ್ಜ್ ಬೇರೆಯವರ ಕೈಗೆ ಹೋದಾಗ ಹಸ್ತಾಂತರದ ಪಟ್ಟಿಯಲ್ಲಿ ಆ ಕಡತದ ಹೆಸರೂ ಇರಲಿ.